‘ತಮಾಷೆಗೆ ಅಂದದ್ದು’ ಎಂದರೆ ಮುಗಿಯಿತೇ?

ಈ ತಿಂಗಳ ಪತ್ರಗಳಲ್ಲಿ ಪರೀಕ್ಷೆಯ ಭಯ, ಮೊಬೈಲ್ ಚಟದ ಜೊತೆಗೆ ಇನ್ನೊಂದು ಸಂಕಟ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಮೈಬಣ್ಣ, ಕೂದಲು, ಕಣ್ಣು, ಹುಟ್ಟಿದ ನೆಲ ಹಿಡಿದು ಸಹಪಾಠಿಗಳು ಮಾಡುವ ಗೇಲಿ ಅದು. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಮೀಸಲಿಟ್ಟಿದ್ದೇನೆ. ಗುರುತು ಸಿಗದಿರಲೆಂದು ಹೆಸರು, ಶಾಲೆ ಎರಡನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಮ್ಮೂರು ಯಲ್ಲಾಪುರದ ಹತ್ತಿರ, ನಾವು ಸಿದ್ದಿ ಜನ. ಈ ವರ್ಷ ಧಾರವಾಡದ ಕಡೆ ಹಾಸ್ಟೆಲ್ಲಿಗೆ ಸೇರಿ ಓದುತ್ತಿದ್ದೇನೆ. ಇಲ್ಲಿ ಯಾರೂ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, ‘ಆಫ್ರಿಕಾ’ ಅಂತಾರೆ. ‘ಲೈಟ್ ಹೋದ್ರ ನೀ ಎಲ್ಲಿದ್ದಿ ಅಂತ ಹೆಂಗ್ ಗೊತ್ತಾಗಬೇಕಲೇ’ ಅಂತ ಒಬ್ಬ ಅಂದರೆ ಇಡೀ ಸಾಲು ನಗುತ್ತದೆ. ಕೇಳದೆ ಕೂದಲು ಮುಟ್ಟಿ ನೋಡುತ್ತಾರೆ. ಪಿ.ಟಿ. ಸರ್ ನನ್ನನ್ನು ಕೇಳದೆಯೇ ನೂರು ಮೀಟರ್, ಇನ್ನೂರು ಮೀಟರ್ ಓಟಕ್ಕೆ ಹೆಸರು ಬರೆದುಕೊಂಡರು. ‘ನಿಮ್ಮ ರಕ್ತದಾಗ ಐತಿ’ ಅಂದರು. ನನಗೆ ಓಟಕ್ಕಿಂತ ವಿಜ್ಞಾನ ಇಷ್ಟ. ಆದರೆ ಈಗ ಕ್ಲಾಸಿನಲ್ಲಿ ಕೈ ಎತ್ತುವುದನ್ನೇ ಬಿಟ್ಟಿದ್ದೇನೆ. ವಾರ್ಡನ್‌ಗೆ ಹೇಳಿದ್ದಕ್ಕೆ ‘ಹುಡುಗ್ರು ಚಾಷ್ಟಿ ಮಾಡ್ತಾರ, ಮನಸ್ಸಿಗೆ ಹಚ್ಕೋಬ್ಯಾಡ’ ಅಂದರು. ಶಾಲೆ ಬಿಟ್ಟು ಊರಿಗೆ ಹೋಗಿಬಿಡಲೇ?

ಉತ್ತರ: ತಮ್ಮಾ, ಶಾಲೆ ಬಿಡಬೇಡ. ಉಳಿದ ಮಾತೆಲ್ಲ ಇದಾದ ಮೇಲೆ.

ನಿನಗೆ ನೋವಾಗಿದ್ದರೆ ಅದಕ್ಕೆ ನಿನ್ನ ಮನಸ್ಸು ಮೆತ್ತಗಿರುವುದು ಕಾರಣವಲ್ಲ. ದಿನ ಬೆಳಗಾದರೆ ಹತ್ತು ಬಾಯಿಂದ ಅದೇ ಮಾತು ಕೇಳಬೇಕಾದರೆ ದೊಡ್ಡವರೂ ಕುಗ್ಗಿಹೋಗುತ್ತಾರೆ. ‘ಹಚ್ಕೋಬ್ಯಾಡ’ ಅಂದ ವಾರ್ಡನ್, ನಗುವವರನ್ನು ತಿದ್ದುವ ತಮ್ಮ ಕೆಲಸ ಬಿಟ್ಟು ಸಹಿಸಿಕೊಳ್ಳುವ ಕೆಲಸವನ್ನು ನಿನ್ನ ತಲೆಗೆ ಕಟ್ಟಿದರು. ಅದು ಅವರ ತಪ್ಪು, ನಿನ್ನದಲ್ಲ.

ಕೈ ಎತ್ತುವುದನ್ನು ಬಿಟ್ಟಿದ್ದೇನೆ ಎಂದು ಬರೆದಿದ್ದೀಯಲ್ಲ, ಅದು ನನ್ನನ್ನು ಹೆಚ್ಚು ಕಾಡಿತು. ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1995ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ‘ಇದು ನಿಮ್ಮ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ’ ಎಂದು ಹೇಳಿ ಕೊಟ್ಟಾಗ ಕಪ್ಪು ಜನಾಂಗದ ವಿದ್ಯಾರ್ಥಿಗಳು ಹಿಂದೆ ಬಿದ್ದರು. ಅದೇ ಪ್ರಶ್ನೆಗಳನ್ನು ಹಾಗೆ ಹೇಳದೆ ಕೊಟ್ಟಾಗ ಚೆನ್ನಾಗಿಯೇ ಬರೆದರು. ‘ನಮ್ಮವರಿಗೆ ಇದೆಲ್ಲ ತಲೆಗೆ ಹತ್ತುವುದಿಲ್ಲ ಅಂದುಕೊಂಡಿದ್ದಾರೆ, ನಾನು ತಪ್ಪಿದರೆ ಅವರ ಮಾತೇ ನಿಜವಾಗುತ್ತದೆ’ ಎಂಬ ಆತಂಕ ಒಳಗೆ ಕೂತರೆ, ಯೋಚನೆಗೆ ಬೇಕಾದ ಶಕ್ತಿಯನ್ನು ಅದೇ ತಿಂದುಹಾಕುತ್ತದೆ. ವಿಜ್ಞಾನದ ಪಿರಿಯಡ್‌ನಲ್ಲಿ ಉತ್ತರ ಗೊತ್ತಿದ್ದೂ ನಿನ್ನ ಕೈ ಮೇಲೇಳದಿದ್ದರೆ ಅದು ದಡ್ಡತನವಲ್ಲ. ಇನ್ನೊಬ್ಬರ ಎಣಿಕೆಯ ಭಾರ. ಈ ವಾರವೇ ಒಂದು ಪ್ರಯತ್ನ ಮಾಡು. ಖಚಿತವಾಗಿ ಗೊತ್ತಿರುವ ಒಂದು ಪ್ರಶ್ನೆಗೆ, ಒಂದೇ ಒಂದಕ್ಕೆ, ಕೈ ಎತ್ತು. ಕ್ಲಾಸು ಮುಗಿದ ಮೇಲೆ ವಿಜ್ಞಾನದ ಮೇಷ್ಟರ ಹತ್ತಿರ ಹೋಗಿ, ‘ಸರ್, ನನಗೆ ಈ ಪಾಠ ಇನ್ನೂ ಹೆಚ್ಚು ಓದಬೇಕು, ಯಾವ ಪುಸ್ತಕ ನೋಡಲಿ?’ ಎಂದು ಕೇಳು. ಕೇಳಿದ ಹುಡುಗನನ್ನು ಒಳ್ಳೆಯ ಮೇಷ್ಟರು ಮರೆಯುವುದಿಲ್ಲ.

ಪಿ.ಟಿ. ಸರ್ ಹೇಳಿದ್ದು ಹೊಗಳಿಕೆಯಂತೆ ಕೇಳುತ್ತದೆ, ಆದರೆ ನಿನ್ನನ್ನು ಕೇಳದೆಯೇ ನೀನು ಯಾರೆಂದು ತೀರ್ಮಾನಿಸಿಬಿಟ್ಟ ಮಾತು ಅದು. ಇದು ಹಳೆಯ ಕಥೆ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಓಟ, ಜಿಗಿತಕ್ಕೆಂದು ಆರಿಸಿ ತರಬೇತಿ ಕೊಟ್ಟಿತು. ಒಳ್ಳೆಯ ಓಟಗಾರರು ಬಂದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಹುಡುಗರು ಊರಿಗೆ ಮರಳಿದರು. ‘ಸಿದ್ದಿ ಅಂದರೆ ಓಟ’ ಎನ್ನುವ ಮಾತು ಮಾತ್ರ ಉಳಿದುಕೊಂಡಿತು. ನಿನಗೆ ಓಡಬೇಕೆನಿಸಿದರೆ ಓಡು, ಖುಷಿಯಿಂದ ಓಡು. ಇಲ್ಲದಿದ್ದರೆ, ‘ಸರ್, ಒಂದು ಓಟಕ್ಕೆ ಬರ್ತೀನಿ, ವಿಜ್ಞಾನ ವಸ್ತುಪ್ರದರ್ಶನಕ್ಕೂ ನನ್ನ ಹೆಸರು ಹೇಳ್ರಿ’ ಎಂದು ನೇರವಾಗಿ ಕೇಳು.

ಇನ್ನು ‘ಆಫ್ರಿಕಾ’. ನಿನ್ನ ಹಿರಿಯರು ಪೂರ್ವ ಆಫ್ರಿಕಾದಿಂದ ಬಂದವರು. ಬಹಳಷ್ಟು ಜನರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಾಡಿನಲ್ಲಿ ಬದುಕು ಕಟ್ಟಿಕೊಂಡರು. ಇದರಲ್ಲಿ ನಾಚಿಕೆಪಡಬೇಕಾದವರು ಜನರನ್ನು ಮಾರಿದವರು. ಅದೇ ಆಫ್ರಿಕಾದಿಂದ ಗುಲಾಮನಾಗಿ ದಖ್ಖನಿಗೆ ಬಂದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನು ನಡೆಸಿ, 1626ರಲ್ಲಿ ತೀರಿಕೊಳ್ಳುವವರೆಗೂ ಜಹಾಂಗೀರನ ಸೈನ್ಯವನ್ನು ತಡೆದು ನಿಲ್ಲಿಸಿದ. ನಮ್ಮ ವಿಜಯಪುರದಲ್ಲೇ, ಆದಿಲ್‌ಶಾಹಿ ಆಸ್ಥಾನದಲ್ಲಿ, ಇಖ್ಲಾಸ್ ಖಾನ್ ಎಂಬ ಹಬ್ಶಿ (ಆಫ್ರಿಕಾ ಮೂಲದವನು) ಮಂತ್ರಿಯಾಗಿದ್ದ. ನಮ್ಮ ಕಾಲಕ್ಕೆ ಬಂದರೆ, 2020ರಲ್ಲಿ ಶಾಂತಾರಾಮ ಸಿದ್ದಿಯವರು ನಿಮ್ಮ ಸಮುದಾಯದಿಂದ ಮೊದಲಿಗರಾಗಿ ವಿಧಾನ ಪರಿಷತ್ತಿಗೆ ಬಂದರು. ಗೇಲಿ ಮಾಡುವವರ ಮುಂದೆ ಈ ಪಾಠ ಒಪ್ಪಿಸಬೇಕಿಲ್ಲ, ಅವರು ಅದಕ್ಕೂ ನಕ್ಕಾರು. ಇದು ನಿನಗಾಗಿ.

ಅವರ ಮುಂದೆ ಹೇಳುವ ಮಾತು ಚಿಕ್ಕದಿರಲಿ. ‘ನನ್ನ ಹೆಸರು ಗೊತ್ತೈತಿ, ಹೆಸರ್ಲೆ ಕರಿ.’ ‘ಕೂದ್ಲ ಮುಟ್ಟಬ್ಯಾಡ.’ ಇಷ್ಟೇ. ಕೂಗಬೇಡ, ವಿವರಿಸಬೇಡ, ಉತ್ತರಕ್ಕೆ ಕಾಯದೆ ಅಲ್ಲಿಂದ ನಡೆದುಬಿಡು. ಹಾಸ್ಟೆಲ್ಲಿನ ಕನ್ನಡಿಯ ಮುಂದೆ ನಾಲ್ಕು ಸಲ ಹೇಳಿ ನೋಡಿಕೊಂಡರೆ ಹೊತ್ತಿಗೆ ಬಾಯಿಗೆ ಬರುತ್ತದೆ. ಕೈ ಮಾಡಬೇಡ. ನೀನು ಒಂದೇಟು ಹೊಡೆದರೆ ಇಷ್ಟು ದಿನದ ಅವರ ಮಾತೆಲ್ಲ ಮರೆತು ನಿನ್ನ ಏಟೊಂದೇ ಉಳಿಯುತ್ತದೆ. ಅದರ ಬದಲು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ದಿನಾಂಕ, ಯಾರು, ಏನಂದರು, ಯಾರು ಕೇಳಿಸಿಕೊಂಡರು ಎಂದು ಬರೆದಿಡು. ನಗದೆ ಸುಮ್ಮನೆ ಕೂತಿರುವ ಹುಡುಗ ಯಾವ ಕ್ಲಾಸಿನಲ್ಲೂ ಒಬ್ಬನಾದರೂ ಇರುತ್ತಾನೆ. ಅವನನ್ನು ಗುರುತಿಸು, ಅವನ ಜೊತೆ ಊಟಕ್ಕೆ ಕೂರು. ಮುಖ್ಯೋಪಾಧ್ಯಾಯರ ಹತ್ತಿರ ಹೋಗುವಾಗ ಅವನನ್ನು ಕರೆದುಕೊಂಡು, ಆ ಹಾಳೆಯನ್ನೂ ಹಿಡಿದುಕೊಂಡು ಹೋಗು. ಅಪ್ಪ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳು. ಅವರಿಗೆ ಬೇಸರವಾದೀತೆಂದು ಮುಚ್ಚಿಡಬೇಡ.

ಈ ಪತ್ರ ಓದುವ ಮುಖ್ಯೋಪಾಧ್ಯಾಯರಿಗೂ ಒಂದು ಮಾತು. ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ. ಪರಿಶಿಷ್ಟರನ್ನು ನಾಲ್ಕು ಜನರ ಎದುರು ಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಹದಿನಾಲ್ಕು ವರ್ಷದ ಹುಡುಗರನ್ನು ಠಾಣೆಗೆ ಎಳೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ದೇಶದ ಕಾನೂನು ಅಷ್ಟು ಗಂಭೀರವಾಗಿ ನೋಡುವ ವಿಷಯವನ್ನು ಚಾಷ್ಟಿ ಎಂದು ತಳ್ಳಿಹಾಕುವ ಹಕ್ಕು ವಾರ್ಡನ್‌ಗೆ ಇಲ್ಲ.

ಪ್ರಶ್ನೆ: ನಾನು ಮೈಸೂರಿನವಳು, ನನ್ನ ಗಂಡ ಇಂಫಾಲ್‌ನವರು. ಇರುವುದು ಬೆಂಗಳೂರಿನಲ್ಲಿ. ಆರನೇ ತರಗತಿಯ ಮಗಳು ನೋಡಲು ಅವರ ಹಾಗೆ. ಕ್ಲಾಸಿನಲ್ಲಿ ಅವಳಿಗೆ ‘ಮೊಮೊ’ ಎಂದೇ ಹೆಸರು. ‘ಚೀನಾದಿಂದ ಯಾವಾಗ ಬಂದೆ’, ‘ನಾಯಿ ತಿಂತೀರಂತೆ’ ಎನ್ನುತ್ತಾರೆ. ಕನ್ನಡ ಪದ್ಯ ಬಾಯಿಪಾಠ ಒಪ್ಪಿಸಿದರೆ ‘ನಿಂಗ್ ಕನ್ನಡ ಹೇಗ್ ಬರುತ್ತೆ?’ ಎಂದು ಟೀಚರೇ ಆಶ್ಚರ್ಯಪಟ್ಟರಂತೆ. ಮೊನ್ನೆ ಅವಳು, ‘ಅಮ್ಮಾ, ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ಬೇಡ, ನೀನೊಬ್ಬಳೇ ಬಾ’ ಅಂದಳು. ನಮ್ಮತ್ತಿಗೆ, ‘ಮುದ್ದಿಗೆ ಕರೀತಾರೆ ಬಿಡೇ, ದೊಡ್ಡದು ಮಾಡಬೇಡ’ ಅನ್ನುತ್ತಾರೆ. ದೊಡ್ಡದು ಮಾಡುತ್ತಿದ್ದೇನೆಯೇ?

ಉತ್ತರ: ಇಲ್ಲ. ಮಗಳು ತನ್ನ ಅಪ್ಪನನ್ನು ಬಚ್ಚಿಡಲು ಶುರು ಮಾಡಿದ್ದಾಳೆ. ಇದಕ್ಕಿಂತ ದೊಡ್ಡದಾಗುವವರೆಗೆ ಕಾಯಬೇಕಿಲ್ಲ.

ಅಡ್ಡಹೆಸರು ಮುದ್ದಿನದೋ ಅಲ್ಲವೋ ಎಂದು ತಿಳಿಯಲು ಕರೆಯುವವರನ್ನು ಕೇಳಬಾರದು, ಕರೆಸಿಕೊಳ್ಳುವವಳ ಮುಖ ನೋಡಬೇಕು. ಅವಳು ಬೇಡ ಎಂದ ಮೇಲೂ ನಿಲ್ಲದಿದ್ದರೆ ಅದು ಮುದ್ದಲ್ಲ.

ರಾತ್ರಿ ಮಲಗುವ ಹೊತ್ತಿಗೆ ಅವಳ ಪಕ್ಕದಲ್ಲಿ ಕೂತು, ‘ಅಪ್ಪ ಬಂದರೆ ಏನಾಗುತ್ತೆ ಅಂತ ಭಯ?’ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ‘ಅವರು ಹೊಟ್ಟೆಕಿಚ್ಚಿಗೆ ಅಂತಾರೆ’, ‘ನೀನೇ ಎಲ್ಲರಿಗಿಂತ ಚೆಂದ’ ಎಂದೆಲ್ಲ ತಕ್ಷಣ ಮುಲಾಮು ಹಚ್ಚಬೇಡಿ. ಅವಳು ಹೇಳಿ ಮುಗಿಸಲಿ. ಆಮೇಲೆ, ‘ಅವರು ಮಾಡಿದ್ದು ತಪ್ಪು. ನಿನ್ನ ಕಣ್ಣಿನದೂ ತಪ್ಪಿಲ್ಲ, ಅಪ್ಪನದೂ ತಪ್ಪಿಲ್ಲ. ಇದನ್ನು ನಿಲ್ಲಿಸೋದು ದೊಡ್ಡವರ ಕೆಲಸ, ನಾವು ಮಾಡ್ತೀವಿ’ ಎನ್ನಿ. ಮುಂದಿನ ಮೀಟಿಂಗಿಗೆ ಇಬ್ಬರೂ ಹೋಗಿ. ಅವಳಿಗೆ ಮೊದಲೇ ತಿಳಿಸಿ, ಅವಳು ಅತ್ತರೂ ಹೋಗಿ. ಅಪ್ಪ ಮನೆಯಲ್ಲೇ ಉಳಿದರೆ ಗೇಲಿ ಮಾಡಿದವರ ಮಾತನ್ನು ನಾವೂ ಒಪ್ಪಿದೆವೆಂದು ಅವಳ ಮನಸ್ಸು ಅಂದುಕೊಳ್ಳುತ್ತದೆ.

ಮಣಿಪುರದ ಮೇರಿ ಕೋಮ್, ಟೋಕಿಯೊದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಅವರ ಬಗ್ಗೆ ಮಗಳಿಗೆ ಅಗತ್ಯವಾಗಿ ಹೇಳಿ. ಆದರೆ ಅದನ್ನೇ ವಾದವಾಗಿ ಬಳಸಬೇಡಿ. ಪದಕ ತಂದವರಿಗೆ ಮಾತ್ರ ಈ ದೇಶದಲ್ಲಿ ಮರ್ಯಾದೆ ಎಂದಾಗಬಾರದು. ನಿಮ್ಮ ಮಗಳು ಗಣಿತದಲ್ಲಿ ಮೂವತ್ತೈದು ತೆಗೆದುಕೊಂಡರೂ ಅವಳನ್ನು ಹೆಸರು ಹಿಡಿದೇ ಕರೆಯಬೇಕು.

ಶಾಲೆಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಪತ್ರ ಬರೆಯಿರಿ. ‘ಮಕ್ಕಳು ಬೈಯುತ್ತಾರೆ’ ಎಂದು ಬರೆದರೆ ‘ವಿಚಾರಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಯಾವ ಮಾತು, ಯಾವ ಪಿರಿಯಡ್, ಯಾವ ಟೀಚರ್ ಅಲ್ಲಿದ್ದರು ಎಂದು ಬರೆಯಿರಿ. ಅವಳ ಕನ್ನಡಕ್ಕೆ ಟೀಚರ್ ಆಶ್ಚರ್ಯಪಟ್ಟದ್ದನ್ನೂ ಸೌಜನ್ಯದಿಂದಲೇ ಸೇರಿಸಿ. ಅವರಿಗೆ ಅದು ಮೆಚ್ಚುಗೆ ಎನಿಸಿರಬಹುದು. ಕೂತಿದ್ದ ಮಕ್ಕಳಿಗೆ ಕೇಳಿಸಿದ್ದು ‘ಇವಳು ನಮ್ಮವಳಲ್ಲ’ ಎಂದೇ. ನೀವು ಸಿಬಿಎಸ್‌ಇ ಶಾಲೆಯವರಾದರೆ, ಇಂಥ ಕಿರುಕುಳ ತಡೆಯಲು ಶಾಲೆಯಲ್ಲಿ ಸಮಿತಿ ಇರಬೇಕೆಂದು ಮಂಡಳಿ 2015ರಲ್ಲೇ ಸುತ್ತೋಲೆ ಕಳಿಸಿದೆ, ಅದನ್ನು ಕೇಳಿ. ಒಂದು ಎಚ್ಚರಿಕೆಯೂ ಇದೆ. ಶಾಲೆಯವರು ಉತ್ಸಾಹದಿಂದ ‘ನಿಮ್ಮ ಮಗಳೇ ಅಸೆಂಬ್ಲಿಯಲ್ಲಿ ಈಶಾನ್ಯದ ಸಂಸ್ಕೃತಿ ಬಗ್ಗೆ ಮಾತಾಡಲಿ’ ಅನ್ನಬಹುದು. ಅವಳಾಗಿ ಬಯಸದಿದ್ದರೆ ಒಪ್ಪಬೇಡಿ. ಗೇಲಿಗೊಳಗಾದ ಮಗುವನ್ನೇ ನಿಲ್ಲಿಸಿ ಪಾಠ ಹೇಳಿಸುವುದು ಇನ್ನೊಂದು ಹಿಂಸೆ.

ನಿಮ್ಮತ್ತಿಗೆಗೆ ಇದನ್ನು ತಿಳಿಸಿ. 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಇದೇ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಇಷ್ಟು ವರ್ಷ ಇಲ್ಲಿದ್ದೂ ನಮ್ಮ ಮೇಲೆ ಅವರಿಗೆ ಭರವಸೆ ಹುಟ್ಟಿರಲಿಲ್ಲ. 2014ರ ಜನವರಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ದೆಹಲಿಯ ಲಾಜ್‌ಪತ್ ನಗರದಲ್ಲಿ ಏಟು ತಿಂದು ಸತ್ತ. ಜಗಳ ಶುರುವಾದದ್ದು ಅವನ ಕೂದಲನ್ನು ಗೇಲಿ ಮಾಡಿದ್ದರಿಂದ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಬೆಜ್‌ಬರುವಾ ಸಮಿತಿ, ಜನಾಂಗೀಯ ನಿಂದನೆಗೆ ಪ್ರತ್ಯೇಕ ಶಿಕ್ಷೆ ಬೇಕೆಂದೂ ಈಶಾನ್ಯದ ಇತಿಹಾಸ ಪಠ್ಯದಲ್ಲಿ ಬರಬೇಕೆಂದೂ ಹೇಳಿತು. ಆರನೇ ಕ್ಲಾಸಿನ ಮಗುವಿಗೆ ಈ ಸಾವಿನ ಕಥೆ ಬೇಡ, ಹೆದರುತ್ತಾಳೆ. ದೊಡ್ಡವರಿಗೆ ಗೊತ್ತಿರಬೇಕು.

ಪ್ರಶ್ನೆ: ಹತ್ತನೇ ತರಗತಿಯ ಹುಡುಗಿ ನಾನು. ಕಪ್ಪಗಿದ್ದೇನೆ. ಗೆಳತಿಯರು ‘ಬ್ಲ್ಯಾಕಿ’ ಅನ್ನುವ ಮೊದಲೇ ನಾನೇ ನನ್ನ ಬಣ್ಣದ ಮೇಲೆ ಜೋಕ್ ಹೇಳಿ ನಗಿಸಿಬಿಡುತ್ತೇನೆ. ಆಗ ನೋವು ಕಡಿಮೆ. ಇದು ಸರಿಯಲ್ಲವೇ?

ಉತ್ತರ: ಆ ಕ್ಷಣಕ್ಕೆ ಕಡಿಮೆ, ಮನೆಗೆ ಬಂದು ಒಬ್ಬಳೇ ಇದ್ದಾಗ? ಅದಕ್ಕೇ ಅಲ್ಲವೇ ನನಗೆ ಬರೆದದ್ದು. ನೀನು ಬದುಕಿಕೊಳ್ಳಲು ಕಂಡುಕೊಂಡ ಉಪಾಯ ಅದು, ಅದಕ್ಕಾಗಿ ನಿನ್ನನ್ನು ಬೈಯುವುದಿಲ್ಲ. ಆದರೆ ನೀನೇ ಹೇಳಿದಾಗ ಉಳಿದವರು ‘ಇವಳಿಗೆ ಬೇಜಾರಿಲ್ಲ’ ಅಂದುಕೊಳ್ಳುತ್ತಾರೆ, ನಿನ್ನ ಕಿವಿಯೂ ಅದನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಒಂದು ವಾರ ಆ ಜೋಕ್ ಹೇಳಬೇಡ. ನಿನಗೆ ಹೆಚ್ಚು ಹತ್ತಿರದ ಗೆಳತಿಗೆ, ಒಬ್ಬಳಿಗೇ, ‘ನಾನು ನಗ್ತಿದ್ದೆ, ಆದರೆ ನಂಗೆ ನೋವಾಗ್ತಿತ್ತು ಕಣೇ’ ಎಂದು ಹೇಳು. ಬೆಳ್ಳಗಾಗಲು ಕ್ರೀಮ್ ಹಚ್ಚಿಕೊಳ್ಳುವ ಯೋಚನೆಯಿದ್ದರೆ ಬಿಡು. 1975ರಿಂದ ‘ಫೇರ್ ಅಂಡ್ ಲವ್ಲಿ’ ಎಂದು ಮಾರಿದ ಕಂಪನಿಯೇ 2020ರಲ್ಲಿ ಹೆಸರಿನಿಂದ ಆ ‘ಫೇರ್’ ಅನ್ನು ಕಿತ್ತುಹಾಕಿತು.

ಪ್ರಶ್ನೆ: ನನ್ನ ಮಗ ಎಂಟನೇ ತರಗತಿ. ಅವನ ಕ್ಲಾಸಿನಲ್ಲಿ ಒಬ್ಬ ನೇಪಾಳಿ ಹುಡುಗನಿದ್ದಾನೆ. ಅವನ ತಂದೆ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್. ನನ್ನ ಮಗ ಆ ಹುಡುಗನ ಫೋಟೊಗೆ ಟೋಪಿ, ಲಾಠಿ ಅಂಟಿಸಿ, ‘ಶಾಬ್‌ಜೀ’ ಎಂದು ಬರೆದು ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿ ಕ್ಲಾಸಿನ ಗುಂಪಿನಲ್ಲಿ ಹಾಕಿದ. ಇಪ್ಪತ್ತು ಮಕ್ಕಳು ನಗುವ ಚಿಹ್ನೆ ಒತ್ತಿದ್ದಾರೆ. ಶಾಲೆ ಮೂರು ದಿನ ಇವನನ್ನು ಹೊರಗಿಟ್ಟಿದೆ. ನಾವು ಮನೆಯಲ್ಲಿ ಇಂಥದ್ದು ಕಲಿಸಿಲ್ಲ. ಕಾಮಿಡಿ ಶೋ ನೋಡಿ ಮಾಡಿದ್ದಾನೆ. ನಕ್ಕವರನ್ನು ಬಿಟ್ಟು ಇವನೊಬ್ಬನಿಗೆ ಶಿಕ್ಷೆ ಅತಿಯಾಗಲಿಲ್ಲವೇ?

ಉತ್ತರ: ನಕ್ಕ ಇಪ್ಪತ್ತು ಮಕ್ಕಳನ್ನೂ ಶಾಲೆ ಕೂರಿಸಿ ಮಾತಾಡಬೇಕಿತ್ತು ಎಂಬುದನ್ನು ಒಪ್ಪುತ್ತೇನೆ. ಫಿನ್ಲೆಂಡ್‌ನ ಕ್ರಿಸ್ಟಿನಾ ಸಾಲ್ಮಿವಲ್ಲಿ ಎಂಬ ಸಂಶೋಧಕಿ 1990ರ ದಶಕದಿಂದ ತೋರಿಸುತ್ತ ಬಂದಿರುವುದೂ ಇದನ್ನೇ. ಪೀಡಿಸುವವನು ಒಬ್ಬನೇ ಇದ್ದರೂ ಸುತ್ತ ನಗುವವರು, ಸುಮ್ಮನೆ ನೋಡುವವರು ಅವನಿಗೆ ಬಲ ಕೊಡುತ್ತಾರೆ. ಯಾರಾದರೂ ಆ ಹುಡುಗನ ಪರ ನಿಂತರೆ ಆಟ ಅಲ್ಲಿಗೇ ಸಪ್ಪಗಾಗುತ್ತದೆ. ಆದರೆ ಇದು ನಿಮ್ಮ ಮಗನ ಶಿಕ್ಷೆಯನ್ನು ಕಡಿಮೆ ಮಾಡಲು ಕಾರಣವಲ್ಲ. ಸ್ಟಿಕ್ಕರ್ ಮಾಡಿದವನು ಅವನು. ಮೂರು ದಿನ ಅತಿಯಲ್ಲ.

ನೀವು ಕಲಿಸಿಲ್ಲ ಎಂದಿರಿ, ನಂಬುತ್ತೇನೆ. ಆದರೂ ಒಂದು ಕೇಳುತ್ತೇನೆ, ಸಿಟ್ಟಾಗಬೇಡಿ. ನಿಮ್ಮ ಗೇಟಿನ ಕಾವಲುಗಾರನ ಹೆಸರು ನಿಮಗೆ ಗೊತ್ತೇ? ಅಥವಾ ಅವನೂ ‘ಬಹಾದ್ದೂರ್’, ಅವನ ಹಿಂದಿನವನೂ ‘ಬಹಾದ್ದೂರ್’ ಆಗಿದ್ದನೇ? ರಾತ್ರಿ ಗೇಟು ತೆಗೆಯುವುದು ತಡವಾದರೆ ಕಾರಿನೊಳಗೆ ಏನನ್ನುತ್ತೀರಿ? ಹಿಂದಿನ ಸೀಟಿನಲ್ಲಿ ಕೂತ ಮಕ್ಕಳಿಗೆ ಪಾಠ ಆಗುವುದು ಅಲ್ಲಿ. ನಮ್ಮ ಸಿನಿಮಾಗಳಲ್ಲಿ ಗೂರ್ಖಾ ಬಂದರೆ ನಗಿಸಲಿಕ್ಕೇ ಬರುತ್ತಾನೆ. ಅವನಿಗೆ ಮನೆ, ಮಕ್ಕಳು, ಶಾಲೆಯ ಫೀಸು ಇರುವುದನ್ನು ಯಾರೂ ತೋರಿಸುವುದಿಲ್ಲ. ಕೀಳಾಗಿ ಕಾಣುವ ಹಾಸ್ಯದ ಬಗ್ಗೆ ಥಾಮಸ್ ಫೋರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಂಥ ಜೋಕು ಒಳ್ಳೆಯವರನ್ನು ಕೆಟ್ಟವರನ್ನಾಗಿ ಮಾಡಿಬಿಡುವುದಿಲ್ಲ. ಆದರೆ ಒಳಗೆ ಮೊದಲೇ ತಾತ್ಸಾರ ಇದ್ದವರಿಗೆ ‘ಇಲ್ಲಿ ಇದು ನಡೆಯುತ್ತದೆ’ ಎಂಬ ಪರವಾನಗಿ ಕೊಡುತ್ತದೆ. ನಿಮ್ಮ ಮಗನ ಸ್ಟಿಕ್ಕರ್ ಆ ಗುಂಪಿನಲ್ಲಿ ಮಾಡಿದ ಕೆಲಸ ಇದೇ.

ಈ ಮೂರು ದಿನ ಫೋನ್ ನಿಮ್ಮ ಹತ್ತಿರ ಇರಲಿ, ಮಗನ ಜೊತೆ ನೀವಿರಿ. ‘ಯಾಕೆ ಮಾಡಿದೆ’ ಎಂದು ಕೇಳಿದರೆ ‘ಸುಮ್ನೆ’ ಅನ್ನುತ್ತಾನೆ. ‘ಸ್ಟಿಕ್ಕರ್ ಬಂದಾಗ ಅವನು ಎಲ್ಲಿದ್ದ? ಪಕ್ಕದಲ್ಲಿ ಅವರಪ್ಪ ಇದ್ದಿದ್ದರೆ? ಮರುದಿನ ಯಾವ ಮುಖ ಹೊತ್ತು ಕ್ಲಾಸಿಗೆ ಬಂದ?’ ಎಂದು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಕ್ಷಮೆ ಕೇಳುವುದಾದರೆ ಹುಡುಗನ ಹತ್ತಿರ ನೇರವಾಗಿ, ಗುಂಪಿನಲ್ಲೂ ಒಮ್ಮೆ, ಎರಡೇ ವಾಕ್ಯದಲ್ಲಿ ಕೇಳಲಿ. ‘ನಿನಗೆ ಬೇಜಾರಾಗಿದ್ದರೆ’ ಎಂಬ ಮಾತು ಅದರಲ್ಲಿ ಇರಬಾರದು, ಬೇಜಾರಾಗಿಯೇ ಇದೆ. ಚಾಕೊಲೇಟ್ ಡಬ್ಬಿ ಕಳಿಸಬೇಡಿ. ಅವನು ಕ್ಷಮಿಸಲೇಬೇಕು, ಗೆಳೆಯನಾಗಲೇಬೇಕು ಎಂದು ಒತ್ತಾಯಿಸಬೇಡಿ. ನೀವು ಪಕ್ಕದ ಅಪಾರ್ಟ್‌ಮೆಂಟಿಗೆ ಹೋಗಿ ಆ ತಂದೆಯ ಜೊತೆ, ಗೇಟಿನಲ್ಲಿ ನಿಂತಲ್ಲ, ಕೂತು ಮಾತಾಡಿ. ಅವರ ಕೆಲಸಕ್ಕೆ ಇದರಿಂದ ತೊಂದರೆ ಆಗುವುದಿಲ್ಲ ಎಂಬ ಭರವಸೆ ಕೊಡಿ. ದೂರು ಕೊಟ್ಟರೆ ಕೆಲಸ ಹೋದೀತೆಂಬ ಭಯದಲ್ಲೇ ಅಂಥ ಮನೆಗಳಲ್ಲಿ ಮಕ್ಕಳ ಬಾಯಿ ಮುಚ್ಚಿಸುತ್ತಾರೆ.

ನಿಮ್ಮ ಮಗ ಕೆಟ್ಟವನೆಂದು ನಾನು ಬರೆಯುತ್ತಿಲ್ಲ. ಹದಿಮೂರರ ಹುಡುಗ ತಿದ್ದಿಕೊಳ್ಳಬಲ್ಲ. ನೀವು ಅವನ ಪರ ವಕೀಲರಾಗಿ ನಿಂತರೆ ಮಾತ್ರ ಕಷ್ಟ.

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ, ಮೂಲ ಶಿವಮೊಗ್ಗ. ಏಳನೇ ತರಗತಿಯ ಮಗ ಡಬ್ಬಿಗೆ ಪುಳಿಯೋಗರೆ ಹಾಕಬೇಡ, ವಾಸನೆ ಅಂತಾರೆ ಎನ್ನುತ್ತಾನೆ. ಅವನ ಹೆಸರನ್ನು ಬೇಕೆಂದೇ ತಿರುಚುತ್ತಾರೆ, ಕಾಲ್ ಸೆಂಟರ್ ಧ್ವನಿಯಲ್ಲಿ ತಲೆ ಅಲ್ಲಾಡಿಸಿ ಮಾತಾಡಿಸುತ್ತಾರೆ. ‘ನೀನು ಇಂಡಿಯನ್, ಸ್ಪೆಲ್ಲಿಂಗ್ ಬೀ ಗೆಲ್ಲಲ್ವಾ’ ಎನ್ನುತ್ತಾರಂತೆ. ಇವರು ‘ಓದಿ ತೋರಿಸು, ಬಾಯಿ ಮುಚ್ಚುತ್ತಾರೆ’ ಅನ್ನುತ್ತಾರೆ. ಹೊರಗಿನಿಂದ ಬಂದ ನಾವು ದೂರು ಕೊಡುವುದು ಸರಿಯೇ?

ಉತ್ತರ: ಕೊಡಿ, ನಿಮಗೆ ಹಕ್ಕಿದೆ. ಸರ್ಕಾರದ ಹಣ ಪಡೆಯುವ ಶಾಲೆಗಳಲ್ಲಿ ಜನಾಂಗ, ಬಣ್ಣ, ಮೂಲ ದೇಶದ ಆಧಾರದ ತಾರತಮ್ಯವನ್ನು ಅಮೆರಿಕದ 1964ರ ನಾಗರಿಕ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಕಿರುಕುಳ ತಡೆಗೆ ನ್ಯೂಜೆರ್ಸಿಯಲ್ಲಿ 2011ರಿಂದ ಕಟ್ಟುನಿಟ್ಟಿನ ಪ್ರತ್ಯೇಕ ಕಾನೂನೂ ಇದೆ. ಪ್ರತಿ ಶಾಲೆಯಲ್ಲಿ ಇದಕ್ಕೆಂದೇ ಒಬ್ಬರನ್ನು ನೇಮಿಸಿರುತ್ತಾರೆ. ಲಿಖಿತ ದೂರು ಬಂದ ಮೇಲೆ ಶಾಲೆಯ ಹತ್ತು ಕೆಲಸದ ದಿನಗಳೊಳಗೆ ವಿಚಾರಣೆ ಮುಗಿಸಬೇಕು. ವೀಸಾ ಯಾವುದೇ ಇರಲಿ, ಶಾಲೆಗೆ ದೂರು ಕೊಡಲು ಅದು ಅಡ್ಡಿಯಲ್ಲ. ಇಮೇಲ್‌ನಲ್ಲೇ ಬರೆಯಿರಿ, ಮಗನಿಗೆ ಹೇಳಿಯೇ ಬರೆಯಿರಿ.

‘ಓದಿ ತೋರಿಸು’ ಎಂಬ ನಿಮ್ಮ ಯಜಮಾನರ ಮಾತಿನ ಹಿಂದೆ ಅವರು ಪಟ್ಟ ಪಾಡಿರುತ್ತದೆ. ಆದರೆ ಸ್ಪೆಲ್ಲಿಂಗ್ ಬೀ ಎಂದು ಕೆಣಕುವವರೂ ಹೇಳುತ್ತಿರುವುದು ಅದನ್ನೇ, ಭಾರತದವನು ಅಂದರೆ ಓದುವ ಯಂತ್ರ ಎಂದು. 2019ರಲ್ಲಿ ಆ ಸ್ಪರ್ಧೆಯನ್ನು ಜಂಟಿಯಾಗಿ ಗೆದ್ದ ಎಂಟು ಮಕ್ಕಳಲ್ಲಿ ಏಳು ಮಂದಿ ಭಾರತ ಮೂಲದವರು. ಅದಕ್ಕಾಗಿ ಗೇಲಿ ನಿಂತಿತೇ? ಅವನಿಗೆ ಡ್ರಮ್ಸ್ ಇಷ್ಟವೋ, ಸಾಕರ್ ಇಷ್ಟವೋ, ಬಿ ಗ್ರೇಡ್ ಬಂದಾಗಲೂ ಮನೆಯಲ್ಲಿ ಅದೇ ಪ್ರೀತಿ ಸಿಗುತ್ತದೋ ಎಂಬುದು ಮುಖ್ಯ.

ಡಬ್ಬಿಯ ವಿಷಯಕ್ಕೆ ಹಟ ಬೇಡ. ಕೆಲವು ತಿಂಗಳು ಸ್ಯಾಂಡ್‌ವಿಚ್ ಒಯ್ದರೆ ಸಂಸ್ಕೃತಿ ಮುಳುಗುವುದಿಲ್ಲ. ಹನ್ನೆರಡರ ಹುಡುಗನನ್ನು ದಿನಾ ಮಧ್ಯಾಹ್ನ ಕನ್ನಡದ ಪರವಾಗಿ ಯುದ್ಧಕ್ಕೆ ಕಳಿಸಬೇಡಿ. ಪುಳಿಯೋಗರೆ ರಾತ್ರಿಗಿರಲಿ, ಶನಿವಾರ ಅವನ ಗೆಳೆಯರನ್ನು ಮನೆಗೆ ಕರೆದಾಗ ಇರಲಿ. ಹೆಸರಿನಲ್ಲಿ ಮಾತ್ರ ರಾಜಿ ಬೇಡ. ತಿರುಚಿದಾಗಲೆಲ್ಲ ಸರಿಯಾದ ಉಚ್ಚಾರವನ್ನು ಒಮ್ಮೆ ಹೇಳಿ ಸುಮ್ಮನಾಗಲಿ. ತರಗತಿಯ ಶಿಕ್ಷಕರಿಗೆ ನೀವೇ ಫೋನ್ ಮಾಡಿ ಉಚ್ಚಾರ ಹೇಳಿಕೊಡಿ.

ಇನ್ನೊಂದು ಮಾತನ್ನು ನಮ್ಮವರಿಗೆ ಹೇಳಲೇಬೇಕು. ಕನ್ನಡ ಕೂಟದ ಊಟದ ಸಾಲಿನಲ್ಲಿ, ಕಾರಿನಲ್ಲಿ, ಕಪ್ಪು ಅಮೆರಿಕನ್ನರ ಬಗ್ಗೆ ನಾವು ಏನೇನು ಮಾತಾಡುತ್ತೇವೆ? ‘ಆ ಏರಿಯಾ ಬೇಡ, ಅವರು ಜಾಸ್ತಿ’ ಎನ್ನುವುದನ್ನು ಮಗ ಕೇಳಿಸಿಕೊಂಡಿರುತ್ತಾನೆ. ಅವನ ಹೆಸರನ್ನು ತಿರುಚದೆ ಕರೆಯುವ ಹುಡುಗ ಆ ‘ಅವರಲ್ಲಿ’ ಒಬ್ಬನಾಗಿರಬಹುದು.

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯ ಸಮಾಜ ವಿಜ್ಞಾನ ಶಿಕ್ಷಕ ನಾನು. ಪಾಠದ ನಡುವೆ ಇಂಥ ಜೋಕು ಸಿಡಿದು ಕ್ಲಾಸು ನಕ್ಕಾಗ ಏನು ಮಾಡಬೇಕೆಂದು ತೋಚುವುದಿಲ್ಲ. ಬೈದರೆ ಆ ಮಗುವಿಗೆ ಇನ್ನಷ್ಟು ಮುಜುಗರ. ಅಮೆರಿಕದ ಶಿಕ್ಷಕಿಯೊಬ್ಬರು ಕಣ್ಣಿನ ಬಣ್ಣದ ಮೇಲೆ ಮಕ್ಕಳನ್ನು ಎರಡು ಗುಂಪು ಮಾಡಿ ತಾರತಮ್ಯದ ನೋವು ಕಲಿಸಿದರೆಂದು ಓದಿದೆ. ಅದನ್ನು ಮಾಡಿಸಬಹುದೇ?

ಉತ್ತರ: ಅದು ಬೇಡ ಸರ್. ಜೇನ್ ಎಲಿಯಟ್ ಎಂಬ ಶಿಕ್ಷಕಿ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಊರಿನಲ್ಲಿ ಅದನ್ನು ಮಾಡಿದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ. ಮೂರನೇ ತರಗತಿಯ ಆ ಮಕ್ಕಳೆಲ್ಲ ಬಿಳಿಯರು, ಮಕ್ಕಳನ್ನು ಹಾಗೆ ನೋಯಿಸಬಹುದೇ ಎಂಬ ವಾದ ಇನ್ನೂ ಮುಗಿದಿಲ್ಲ. ನಿಮ್ಮ ಕ್ಲಾಸಿನಲ್ಲಿ ನಿಜವಾಗಿ ಗೇಲಿ ಉಣ್ಣುತ್ತಿರುವ ಮಗು ಕೂತಿದೆ. ಅದಕ್ಕೆ ಆ ನೋವಿನ ಪಾಠ ಬೇಕಿಲ್ಲ.

ಜೋಕು ಬಿದ್ದಾಗ ಬರೆಯುವುದನ್ನು ನಿಲ್ಲಿಸಿ, ಚಾಕ್‌ಪೀಸ್ ಕೆಳಗಿಡಿ. ನಗು ನಿಲ್ಲುವವರೆಗೆ ಮಾತಾಡಬೇಡಿ. ಆಮೇಲೆ ಗೇಲಿ ಮಾಡಿದವನನ್ನು ನೋಡಿ, ‘ಬಣ್ಣ, ಕೂದಲು, ಹುಟ್ಟು ಹಿಡಿದು ಈ ಕ್ಲಾಸಿನಲ್ಲಿ ಯಾರನ್ನೂ ಆಡಿಕೊಳ್ಳುವಂತಿಲ್ಲ’ ಎಂದು ಸಾಮಾನ್ಯ ದನಿಯಲ್ಲಿ ಹೇಳಿ ಪಾಠಕ್ಕೆ ಮರಳಿ. ನೊಂದ ಮಗುವಿನ ಕಡೆ ತಿರುಗಿ ‘ನಿನಗೆ ಬೇಜಾರಾಯ್ತಾ?’ ಎಂದು ಎಲ್ಲರೆದುರು ಕೇಳಬೇಡಿ. ಅದು ಪಿರಿಯಡ್ ಮುಗಿದ ಮೇಲೆ, ಸ್ಟಾಫ್ ರೂಮಿನ ಹೊರಗೆ, ಇಬ್ಬರೇ ಇದ್ದಾಗ. ಆಡಿದವನ ಜೊತೆಗೂ ಬೇರೆಯಾಗಿ ಮಾತಾಡಿ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೈ ಕುಲುಕಿಸುವ ಪದ್ಧತಿ ನಮ್ಮ ಶಾಲೆಗಳಲ್ಲಿದೆ, ಅದರಿಂದ ನೋವು ಒಳಗೇ ಉಳಿದು ಕಡತ ಮಾತ್ರ ಮುಚ್ಚುತ್ತದೆ. ಗುಂಪು ಚಟುವಟಿಕೆಗೆ ಮಕ್ಕಳನ್ನು ನೀವೇ ಆರಿಸಿ. ‘ನಿಮಗೆ ಬೇಕಾದವರ ಜೊತೆ ಸೇರಿ’ ಎಂದರೆ ಪ್ರತಿ ಸಲ ಹೊರಗುಳಿಯುವುದು ಅದೇ ಮಗು. ನಿಮ್ಮದು ಸಮಾಜ ವಿಜ್ಞಾನ ಬೇರೆ. ಬಹಮನಿ, ಆದಿಲ್‌ಶಾಹಿ ಪಾಠ ಬಂದಾಗ ದಖ್ಖನಿನ ಹಬ್ಶಿಗಳ ಬಗ್ಗೆ ಹತ್ತು ನಿಮಿಷ ಹೇಳಿ. ಯಾವ ಮಗುವಿನತ್ತಲೂ ಬೆರಳು ತೋರಿಸದೆ, ಉಳಿದ ಇತಿಹಾಸ ಹೇಳುವ ಹಾಗೆಯೇ ಹೇಳಿ.

ಪ್ರತಿ ಮಗುವಿನ ಹೆಸರನ್ನು ಸರಿಯಾಗಿ ಕೇಳಿ ತಿಳಿದು ಹಾಜರಿ ಕೂಗಿ. ಮೇಷ್ಟರು ‘ಏ ಕರಿಯಾ’ ಎನ್ನುವ ಕ್ಲಾಸಿನಲ್ಲಿ ಮಕ್ಕಳಿಗೆ ಯಾವ ಉಪದೇಶವೂ ನಾಟುವುದಿಲ್ಲ.

ಕೊನೆಯದಾಗಿ ಎಲ್ಲರಿಗೂ. ಶಾಲೆ ಕಿವಿಗೊಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗು ಊಟ ಬಿಟ್ಟಿದ್ದರೆ, ನಿದ್ದೆಗೆಟ್ಟಿದ್ದರೆ, ಬದುಕು ಬೇಡ ಎಂಬ ಮಾತಾಡಿದ್ದರೆ ತಡ ಮಾಡದೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ, ಉಚಿತವಾಗಿ. ನೊಂದ ಮಗುವೇ ಮಾಡಬೇಕೆಂದಿಲ್ಲ. ಪಕ್ಕದ ಬೆಂಚಿನಲ್ಲಿ ಕೂತು ಅದನ್ನೆಲ್ಲ ನೋಡಿದ ಮಗುವೂ ಮಾಡಬಹುದು.